ಫ್ಯಾನಿಲ್ಲದ ಲ್ಯಾಪ್‌ಟಾಪ್

ಮಗಳಿಗೆ ಆರು ವರ್ಷವಾಗಿದ್ದಾಗ ನಾನೊಂದು ಮಾತು ಕೊಟ್ಟಿದ್ದೆ. ಅವಳ ಮಾತಾಡುವ ಗೊಂಬೆ ಒಂದು ದಿನ ಇದ್ದಕ್ಕಿದ್ದಂತೆ ಮೂಕಾಯಿತು. ಅವಳಪ್ಪ ಅದನ್ನು ಅಲ್ಲಾಡಿಸಿ ನೋಡಿ, "ಇದರ ಕಥೆ ಮುಗೀತು, ಬೇರೆ ತಂದ್ರಾಯ್ತು ಬಿಡು" ಎಂದರು. ಅವಳು ಗೊಂಬೆಯನ್ನು ಅವಚಿಕೊಂಡು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಬಾಗಿಲಾಚೆ ನೆಲದ ಮೇಲೆ ಕೂತು, "ನೋಡು, ನಿಂದು ಏನೇ ಕೆಟ್ರೂ ನಾನೇ ಸರಿಮಾಡಿ ಕೊಡ್ತೀನಿ. ಬೇರೆ ಯಾರ ಕೈಗೂ ಕೊಡಬೇಕಾಗಲ್ಲ" ಎಂದೆ.

"ಪ್ರಾಮಿಸ್ಸಾ?"

"ಪ್ರಾಮಿಸ್ಸು."

ಚಿಲಕ ಸರಿಯಿತು. ಗೊಂಬೆಯ ಹೊಟ್ಟೆಯೊಳಗೆ ಒಂದು ತಂತಿ ಬಿಟ್ಟುಕೊಂಡಿತ್ತು, ಅಷ್ಟೇ. ಐದು ನಿಮಿಷದ ಕೆಲಸ.

ಆಗ ನಾನು ರೇಡಿಯೊ, ಮಿಕ್ಸಿ ರಿಪೇರಿ ಮಾಡುತ್ತಿದ್ದೆ. ಈಗ ಹನ್ನೊಂದು ವರ್ಷದಿಂದ ಬರೀ ಲ್ಯಾಪ್‌ಟಾಪು. ನನ್ನ ಅಂಗಡಿ ಎಂದರೆ ಎರಡು ದೊಡ್ಡ ಅಂಗಡಿಗಳ ನಡುವೆ ಮಿಕ್ಕಿದ ಸಂದು. ನಾನು ಕೂತರೆ ಗಿರಾಕಿ ನಿಲ್ಲಬೇಕು, ಗಿರಾಕಿ ಕೂತರೆ ನಾನು ನಿಲ್ಲಬೇಕು. ಬೆಳಗ್ಗೆ ಅಡುಗೆ ಮುಗಿಸಿ ಬಂದು ಶಟರ್ ಎತ್ತಿದರೆ, ಇಳಿಸುವಷ್ಟರಲ್ಲಿ ಸೊಂಟ ನನ್ನದಲ್ಲ ಅನ್ನಿಸಿಬಿಟ್ಟಿರುತ್ತದೆ.

ಮಗಳು ಆರು ಗಂಟೆ ಬಸ್ಸಿನ ದೂರದಲ್ಲಿದ್ದಾಳೆ. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಕಿವಿ ಪರೀಕ್ಷೆ ಮಾಡುವುದು ಅವಳ ಕೆಲಸ. ಮಗುವಿನ ತಲೆಗೆ ಹೆಡ್‌ಫೋನ್ ಹಾಕಿ, ಲ್ಯಾಪ್‌ಟಾಪಿನಿಂದ ಸಣ್ಣ ಸಣ್ಣ ಸದ್ದು ಕಳಿಸುತ್ತಾಳೆ. ಕೇಳಿಸಿದರೆ ಮಗು ಕೈ ಎತ್ತಬೇಕು. ಆ ಲ್ಯಾಪ್‌ಟಾಪು ನಾನೇ ಹಳೆಯ ಭಾಗಗಳನ್ನು ಸೇರಿಸಿ ಕಟ್ಟಿಕೊಟ್ಟದ್ದು. ಚಾರ್ಜರೂ ಸೇರಿ ಮೂರು ಕಿಲೋಗೆ ಸ್ವಲ್ಪ ಕಡಿಮೆ. ಅವಳು ಅದಕ್ಕೆ ಎಮ್ಮೆ ಎಂದು ಹೆಸರಿಟ್ಟಿದ್ದಳು.

ಎಮ್ಮೆ ಎರಡು ಮೂರು ತಿಂಗಳಿಗೊಮ್ಮೆ ಕೆಡುತ್ತಿತ್ತು. ಕೆಟ್ಟರೆ ಶನಿವಾರ ರಾತ್ರಿ ಮಗಳು ಬರುತ್ತಿದ್ದಳು. ಭಾನುವಾರ ಬೆಳಗ್ಗೆ ನನ್ನ ಜೊತೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕಾಲು ಮಡಿಸಿ ಕೂತು, ನಾನು ಸ್ಕ್ರೂ ಬಿಚ್ಚುವುದನ್ನು ನೋಡುತ್ತಾ, ಮೇಷ್ಟ್ರುಗಳನ್ನೂ ಮಕ್ಕಳನ್ನೂ ಅಣಕಿಸುತ್ತಾ ಮಧ್ಯಾಹ್ನದ ಬಸ್ಸಿನವರೆಗೆ ಹರಟುತ್ತಿದ್ದಳು. ಅವಳ ಫೋನು ಬಂದಾಗ ನಾನು "ಅಯ್ಯೋ, ಮತ್ತೆ ಕೆಡ್ತಾ?" ಎನ್ನುತ್ತಿದ್ದೆ. ಬಾಯಿ ಅಯ್ಯೋ ಎನ್ನುವಾಗಲೇ ಮನಸ್ಸು ಮನೆಯಲ್ಲಿ ಮೊಟ್ಟೆ ಎಷ್ಟಿದೆ, ಅವಳ ಹೊದಿಕೆ ಒಗೆದಿದೆಯೋ ಇಲ್ಲವೋ ಎಂದು ಓಡುತ್ತಿತ್ತು.

ಆ ಸಲ ಅವಳು ಬಂದಾಗ ಎಮ್ಮೆ ಕೆಟ್ಟಿರಲಿಲ್ಲ.

"ಏನೂ ಆಗಿಲ್ಲಮ್ಮ. ಒಂದು ಮಾತು ಕೇಳೋಣ ಅಂತ ಬಂದೆ" ಎಂದಳು. ಅವಳಿಗೆ ಹೊಸದು ಬೇಕಾಗಿತ್ತು. ತೆಳ್ಳಗಿನದು. ಬೆಲೆ ಅವಳ ಮೂರು ತಿಂಗಳ ಸಂಬಳದ ಹತ್ತಿರ ಹತ್ತಿರ. "ಅಂಗಡಿಯವರು ಹೊಗಳ್ತಾರೆ, ಸ್ನೇಹಿತರು ಶೋಕಿ ಅಂತಾರೆ. ಅದರ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತಿರೋದು ನಿಂಗೊಬ್ಬಳಿಗೇ. ನೀನು ಹೂಂ ಅಂದ್ರೆ ತಗೋತೀನಿ, ಬೇಡ ಅಂದ್ರೆ ಇಲ್ಲ."

ಎದುರಿನ ಅಂಗಡಿಯಲ್ಲಿ ಹೊಸ ಲ್ಯಾಪ್‌ಟಾಪ್ ಮಾರುವವನನ್ನು ಬೀದಿಯಲ್ಲಿ ಎಲ್ಲರೂ ಗ್ಯಾರಂಟಿ ಎಂದೇ ಕರೆಯುತ್ತಾರೆ. ನಾಳೆ ಬಿಸಿಲು ಬರುತ್ತಾ ಎಂದರೂ "ಗ್ಯಾರಂಟಿ" ಎನ್ನುವವನು. ಕೂಗಿದ ಕೂಡಲೇ ಪ್ರದರ್ಶನಕ್ಕಿಟ್ಟಿದ್ದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದ.

"ನೋಡಕ್ಕಾ, ಗಾಳಿ ಜೋರಾಗಿ ಬೀಸಿದ್ರೆ ಹಾರಿಹೋಗುತ್ತೆ."

"ದುಡ್ಡೂ ಜೊತೇಲೇ ಹಾರುತ್ತಲ್ಲ" ಎಂದೆ.

"ಒಂದು ಸಲ ಹಾರುತ್ತೆ. ಆಮೇಲೆ ನಾಲ್ಕು ವರ್ಷ ನೆಮ್ಮದಿ. ಗ್ಯಾರಂಟಿ."

ನಾನು ಅದನ್ನು ಬೋರಲು ಹಾಕಿದೆ. ಇಂಥವು ಮೂರು ನಾಲ್ಕು ಸತ್ತ ಮೇಲೆ ನನ್ನ ಮೇಜಿಗೆ ಬಂದಿವೆ; ಒಂದನ್ನೂ ಬದುಕಿಸಲು ಆಗಿಲ್ಲ. ಮಗಳಿಗೆ ಹೇಳಿದೆ: "ಮೆಮೊರಿ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಹೆಚ್ಚಿಸೋಕೆ ಆಗಲ್ಲ. ಬ್ಯಾಟರಿನ ಅಂಟು ಹಾಕಿ ಕೂರಿಸಿರ್ತಾರೆ. ಕೀಬೋರ್ಡಲ್ಲಿ ಒಂದು ಅಕ್ಷರ ಕೈಕೊಟ್ರೆ ಮೇಲಿನ ಭಾಗ ಪೂರ್ತಿ ಬದಲಿಸಬೇಕು, ಅದೂ ಕಂಪನಿಯವರೇ. ನಾನು ಕೈ ಹಾಕೋಕೆ ಇದರಲ್ಲಿ ಜಾಗಾನೇ ಇಲ್ಲ."

"ಅಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೀತಿದೀರ" ಎಂದ ಗ್ಯಾರಂಟಿ.

"ನನ್ನ ಹೊಟ್ಟೆ ಮೇಲೆ ನೀವುಗಳು ಹೊಡೆದು ಯಾವ ಕಾಲ ಆಯ್ತು."

ಅವನು ನಕ್ಕು, "ಅರ್ಧ ಗಂಟೆ ಇಟ್ಕೊಂಡು ನೋಡಿ, ಗೀರು ಮಾತ್ರ ಬೀಳಬಾರದು" ಎಂದು ಗಿರಾಕಿ ಕರೆದ ಕಡೆ ಓಡಿದ.

"ನನ್ನ ಕೇಳಿದ್ರೆ ಬೇಡ" ಎಂದೆ ಮಗಳಿಗೆ. "ತೆಳ್ಳಗಿದೆ ಅನ್ನೋದಕ್ಕೆ ಅಷ್ಟು ದುಡ್ಡು ಸುರಿಯೋದಾ?"

ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಬೇರೆ ಯಾವ ಗಿರಾಕಿ ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಬೇರೆಯವರಿಗೆ ಹೇಳುವಾಗ ನನ್ನ ಎದೆ ಹಾಗೆ ಹೊಡೆದುಕೊಳ್ಳುತ್ತಿರಲಿಲ್ಲ.

ಅವಳು ಎಮ್ಮೆಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, "ಆ ಕಡೆ ತಿರುಗಿ ಕೂತ್ಕೋ" ಎಂದಳು. ನನ್ನ ತಲೆಗೆ ಹೆಡ್‌ಫೋನ್ ಹಾಕಿದಳು. "ಸದ್ದು ಕೇಳಿಸಿದ್ರೆ ಕೈ ಎತ್ತು."

"ನಾನೇನು ಸ್ಕೂಲು ಮಗೂನಾ?"

"ಅವರು ನಿನ್ನಷ್ಟು ಮಾತಾಡಲ್ಲ. ಸುಮ್ನಿರು."

ಗೋಡೆ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಎಲ್ಲೋ ಆಳದಲ್ಲಿ ಗುಂಯ್ ಎಂದಿತು. ಕೈ ಎತ್ತಿದೆ. ನಿಂತಿತು, ಮತ್ತೆ ಗುಂಯ್. ಮತ್ತೆ ಎತ್ತಿದೆ. ಹೀಗೆ ಏಳು ಸಲ. ಕಿವಿ ಇನ್ನೂ ಚುರುಕಾಗಿದೆಯಲ್ಲ ಎಂದು ಒಳಗೊಳಗೇ ಬೀಗಿದೆ.

ತಿರುಗಿದಾಗ ಹೆಡ್‌ಫೋನಿನ ವೈರಿನ ತುದಿ ಅವಳ ಬೆರಳುಗಳ ನಡುವೆ ತೂಗುತ್ತಿತ್ತು. ಅದನ್ನು ಅವಳು ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಇರಲಿಲ್ಲ; ಸ್ಪೀಕರನ್ನೂ ಆರಿಸಿಟ್ಟಿದ್ದಳು.

"ನೀನು ಕೇಳಿದ್ದು ಫ್ಯಾನು" ಎಂದಳು. "ಪ್ರೋಗ್ರಾಂ ಒಂದೊಂದು ಸದ್ದು ಕಳಿಸಿದಾಗ್ಲೂ ಎಮ್ಮೆಗೆ ಬಿಸಿಯಾಗುತ್ತೆ, ಫ್ಯಾನು ಏಳುತ್ತೆ. ಸರಿಯಾಗಿ ಅದೇ ಹೊತ್ತಿಗೆ."

ಆಮೇಲೆ ಒಂದು ಶಾಲೆಯ ಹುಡುಗಿಯ ವಿಷಯ ಹೇಳಿದಳು. ಎಂಟು ವರ್ಷದವಳು. ಹೋದ ವರ್ಷದ ಪರೀಕ್ಷೆಯಲ್ಲಿ ಒಂದೂ ತಪ್ಪದಂತೆ ಕೈ ಎತ್ತಿದ್ದಳಂತೆ. ಮಗಳು ಕಿವಿ ಚೆನ್ನಾಗಿದೆ ಎಂದು ಬರೆದು ಬಂದಿದ್ದಳು. ವರ್ಷವಿಡೀ ಮೇಷ್ಟ್ರು ಆ ಮಗುವನ್ನು ಗಮನ ಕೊಡಲ್ಲ, ಸೊಕ್ಕು ಎಂದು ಬೈದಿದ್ದಾರೆ. ಹೋದ ವಾರ ಯಾರೋ ಆಸ್ಪತ್ರೆಯಲ್ಲಿ, ಹೊರಗಿನ ಸದ್ದು ಬರದಂತೆ ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆಯಲ್ಲಿ ಕೂರಿಸಿ ನೋಡಿದರೆ, ಅವಳಿಗೆ ಕೀರಲು ದನಿಯ ಸಣ್ಣ ಸದ್ದುಗಳು ಕೇಳಿಸುವುದೇ ಇಲ್ಲ. ಗುಂಯ್ ಎನ್ನುವ ದಪ್ಪ ದನಿಯವು ಮಾತ್ರ ಕೇಳುತ್ತವೆ.

"ಅವಳು ಸುಳ್ಳು ಹೇಳಿರಲಿಲ್ಲಮ್ಮ. ಅವಳಿಗೆ ಏನೋ ಕೇಳ್ತಿತ್ತು. ನೀನು ಎತ್ತಿದ ಹಾಗೇ ಅವಳೂ ಎತ್ತಿದ್ದಳು. ನಾನು ಅವಳಿಗೆ ಚಾಕೊಲೇಟ್ ಬೇರೆ ಕೊಟ್ಟು ಬಂದಿದ್ದೆ."

ಆ ಫ್ಯಾನು ಹಾಕಿದವಳು ನಾನು.

ಅದಕ್ಕೆ ಹದಿನಾಲ್ಕು ತಿಂಗಳು ಹಿಂದೆ ಹೋಗಬೇಕು. ಎಮ್ಮೆಯ ಫ್ಯಾನು ನಿಂತುಹೋಗಿ ಅವಳು ತಂದಿದ್ದಳು. ನನ್ನ ಡ್ರಾಯರಿನಲ್ಲಿ ಅದಕ್ಕೆ ಸರಿಹೊಂದುವ ಹೊಸ ಫ್ಯಾನು ಪೊಟ್ಟಣ ಕೂಡ ಒಡೆಯದೆ ಕೂತಿತ್ತು. ನಾನು ಅದನ್ನು ಹಾಕಲಿಲ್ಲ. ಯಾವುದೋ ಬೇರೆ ಮಾದರಿಯಿಂದ ಕಿತ್ತ ಹಳೇ ಫ್ಯಾನನ್ನು ಅಂಚು ಉಜ್ಜಿ ಕೂರಿಸಿದೆ. ಹೆಚ್ಚೆಂದರೆ ನಾಲ್ಕು ತಿಂಗಳು ಓಡೀತು ಎಂದು ಕೈಗೆ ಗೊತ್ತಿತ್ತು. ಹಾಳಾದ್ದು ಅದೊಂದೇ ಕೆಡಲಿಲ್ಲ. ಕೀಲು ಸಡಿಲವಾಯಿತು, ಚಾರ್ಜರಿನ ಪಿನ್ನು ಮುರಿಯಿತು, ಫ್ಯಾನು ಮಾತ್ರ ಗುಂಯ್‌ಗುಡುತ್ತಾ ಗಟ್ಟಿಯಾಗಿ ನಿಂತಿತು. ಮಗಳು "ಎಮ್ಮೆ ಮೆಲುಕು ಹಾಕ್ತಿದೆ" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

"ಆ ಫ್ಯಾನು ಹಳೇದು" ಎಂದೆ.

"ಗೊತ್ತು. ಹೊಸದು ಸಿಗಲಿಲ್ಲ ಅಂತ ನೀನೇ ಅಂದಿದ್ದೆ."

"ಸಿಕ್ಕಿತ್ತು. ಹಾಕಲಿಲ್ಲ."

"ಯಾಕೆ?"

ಸ್ಕ್ರೂಡ್ರೈವರನ್ನು ಎತ್ತಿ ಮತ್ತೆ ಅಲ್ಲೇ ಇಟ್ಟೆ. "ಬೇಗ ಕೆಡಲಿ ಅಂತ."

ಎದುರಂಗಡಿಯಲ್ಲಿ ಗ್ಯಾರಂಟಿ ಯಾರಿಗೋ ಜೋರಾಗಿ ಬೆಲೆ ಹೇಳುತ್ತಿದ್ದ. ಅವಳು ನನ್ನ ಮುಖ ನೋಡಲಿಲ್ಲ. ವೈರನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಫೋನ್ ಮಾಡಿ ಬಾ ಅನ್ನಬಹುದಿತ್ತಲ್ಲ" ಎಂದಳು ಕೊನೆಗೆ.

"ಅಂದ್ರೆ ನೀನು ನೋಡ್ತೀನಮ್ಮ ಅಂತೀಯ."

ಅವಳು ಇಲ್ಲ ಎನ್ನಲಿಲ್ಲ.

"ಈಗ್ಲೇ ಹೊಸ ಫ್ಯಾನು ಹಾಕಿಬಿಡ್ತೀನಿ. ಇಪ್ಪತ್ತು ನಿಮಿಷ" ಎಂದೆ. ಡ್ರಾಯರಿಗೆ ಕೈ ಹಾಕಿಯೂ ಆಗಿತ್ತು.

"ಹೊಸ ಫ್ಯಾನೂ ಫ್ಯಾನೇ ಅಲ್ವಾ."

ಅವಳ ಮಾತು ಸರಿಯಿತ್ತು. ಎಷ್ಟೇ ಮೆತ್ತಗಿರಲಿ, ಫ್ಯಾನು ತಿರುಗಿದರೆ ಸದ್ದು ಇದ್ದದ್ದೇ. ನಾನು ಡ್ರಾಯರ್ ಮುಚ್ಚಿ ಆ ತೆಳ್ಳನೆಯದನ್ನು ಮತ್ತೆ ಕೈಗೆ ತೆಗೆದುಕೊಂಡೆ. ಈ ಸಲ ಅಂಚನ್ನೆಲ್ಲ ಬೆರಳಲ್ಲಿ ಸವರಿದೆ. ಗಾಳಿ ಹೋಗುವ ಕಿಂಡಿ ಎಲ್ಲೂ ಇರಲಿಲ್ಲ. ಒಳಗೆ ತಿರುಗುವಂಥದ್ದು ಒಂದೂ ಇಲ್ಲ. ತನ್ನ ಬಿಸಿಯನ್ನು ಮೈಗೇ ಹಂಚಿಕೊಂಡು ಸುಮ್ಮನಿರುವ ಯಂತ್ರ.

"ಇದಕ್ಕೆ ನಿನ್ನ ಪ್ರೋಗ್ರಾಂ ಹಾಕು" ಎಂದೆ.

ಹಾಕಿದಳು. ಈ ಸಲ ವೈರನ್ನು ನನಗೆ ತೋರಿಸಿಯೇ ಸಿಕ್ಕಿಸಿದಳು. ನಾನು ಗೋಡೆಯ ಕಡೆ ತಿರುಗಿದೆ. ಮೊದಲು ಏನೂ ಇಲ್ಲ. ನನ್ನ ಉಸಿರು ಮಾತ್ರ. ಆಮೇಲೆ ಆ ಉಸಿರಿನ ಹಿಂದೆ, ಸೂಜಿಯ ಮೊನೆಯಷ್ಟು ಸಣ್ಣಗೆ, ಕೀಂ ಎಂಬ ಒಂದು ದನಿ. ಕೈ ಎತ್ತಿದೆ. ಇನ್ನೊಂದು, ಅದಕ್ಕಿಂತ ಸಣ್ಣದು. ಎತ್ತಿದೆ. ಆಮೇಲಿನದ್ದು ಕೇಳಿಸಿತೋ, ಕೇಳಿಸಲಿ ಎಂಬ ಆಸೆಯೋ ಗೊತ್ತಾಗಲಿಲ್ಲ. ಕೈ ಎತ್ತಲಿಲ್ಲ.

ಹೆಡ್‌ಫೋನ್ ತೆಗೆದಿಟ್ಟೆ. "ತಗೋ. ಬೆಲೆಗೆ ತಕ್ಕದ್ದೇ."

"ರಿಪೇರಿ ಆಗಲ್ಲ ಅಂದೆಯಲ್ಲ."

"ಆಗಲ್ಲ. ಆದ್ರೂ ತಕ್ಕದ್ದೇ. ಮೂರು ವರ್ಷಕ್ಕೆ ಎಸೀಬೇಕಾದ್ರೂ ತಕ್ಕದ್ದೇ."

ಗ್ಯಾರಂಟಿ ವಾಪಸ್ ಬಂದು ಗೀರು ಬಿದ್ದಿದೆಯಾ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ, "ಸೀಲ್ ಒಡೆಯದ್ದು ಒಂದು ಕೊಡಿ" ಎಂದಳು ಮಗಳು. ಅವನು ನನ್ನ ಕಡೆ ನೋಡಿದ, ತಪ್ಪು ಕೇಳಿಸಿಕೊಂಡವನ ಹಾಗೆ. "ಕೊಡಪ್ಪ. ಚಾರ್ಜರ್ ಇಡೋದು ಮರೀಬೇಡ" ಎಂದೆ.

ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಬೇರೆ ದಿನವಾಗಿದ್ದರೆ ಆ ಎರಡು ಗಂಟೆ ಸ್ಟೂಲಿನ ಮೇಲೆ ಕಳೆಯುತ್ತಿತ್ತು. ಅವಳು ಪ್ರೋಗ್ರಾಮನ್ನೆಲ್ಲ ಹೊಸದಕ್ಕೆ ಸಾಗಿಸುತ್ತಾ ಕೂತಳು. ನಾನು ಬೇರೆಯವರ ಕೀಬೋರ್ಡು ಬಿಚ್ಚುತ್ತಾ ಕೂತೆ. "ಆ ಹುಡುಗಿ ಮನೆಗೆ ನಾನೂ ಬರಲಾ?" ಎಂದು ಕೇಳಿದೆ. "ಬೇಡ. ನನ್ನ ಸಹಿ ಇರೋ ಕಾಗದ, ನಾನೇ ಹೋಗಿ ಹೇಳ್ತೀನಿ" ಎಂದಳು. ಎಮ್ಮೆಯನ್ನು ನನ್ನ ಕಡೆ ತಳ್ಳಿ, "ಬಿಡಿಭಾಗಕ್ಕೆ ಆಗುತ್ತೆ, ಇಟ್ಕೋ" ಎಂದಳು. ಬಸ್ ನಿಲ್ದಾಣದಲ್ಲಿ ಚೀಲವನ್ನು ಒಂದೇ ಭುಜಕ್ಕೆ ಸಲೀಸಾಗಿ ಎಸೆದುಕೊಂಡು ಹತ್ತಿದಳು. ಅವಳು ನೆಟ್ಟಗೆ ನಡೆಯುವುದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಇದಾಗಿ ಹತ್ತು ತಿಂಗಳಾಯಿತು. ಆ ಹುಡುಗಿಗೆ ಕಿವಿಯ ಯಂತ್ರ ಹಾಕಿದ್ದಾರಂತೆ; ಮೊದಲ ದಿನ ತರಗತಿಯಲ್ಲಿ ಪುಟ ತಿರುಗಿಸಿದ ಸದ್ದಿಗೆ ಬೆಚ್ಚಿಬಿದ್ದಳಂತೆ. ಫೋನಿನಲ್ಲಿ ಇದನ್ನು ಹೇಳುವಾಗ ಮಗಳ ದನಿ ಹಳೆಯ ದನಿಯಾಗಿತ್ತು. ಅವಳು ನಡುವೆ ಒಮ್ಮೆ ಬಂದಿದ್ದಳು, ಅವಳಪ್ಪ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಾಗ. ಒಂದೇ ರಾತ್ರಿ. ಅಂಗಡಿಗೆ ಬರಲು ಹೊತ್ತಾಗಲಿಲ್ಲ. ಸ್ಟೂಲಿನ ಮೇಲೆ ಈಗ ಗಿರಾಕಿಗಳು ಕೂರುತ್ತಾರೆ. ಅದರ ಕಾಲು ಕಿರ್ರೆಂದರೆ ನನ್ನ ಕೈಯಲ್ಲಿರುವ ಸ್ಕ್ರೂಡ್ರೈವರು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ.

ಹೋದ ಮಂಗಳವಾರ ಸಂಜೆ ಫೋನು ಬಂತು.

"ಅಮ್ಮ, ಕೀಬೋರ್ಡಲ್ಲಿ ಎರಡು ಅಕ್ಷರ ಹೊಡೀತಾನೇ ಇರಲಿಲ್ಲ."

"ಅಯ್ಯೋ" ಎಂದೆ. ಫ್ರಿಜ್ಜಿನಲ್ಲಿ ನಾಲ್ಕು ಮೊಟ್ಟೆ ಇದ್ದವು. "ಯಾವಾಗ ಬರ್ತೀಯ?"

"ಇಲ್ಲೇ ಕಂಪನಿ ಸರ್ವಿಸ್ ಸೆಂಟರಿಗೆ ಕೊಟ್ಟಿದ್ದೆ. ನೀನು ಹೇಳಿದ ಹಾಗೇ ಮೇಲಿನ ಭಾಗ ಪೂರ್ತಿ ಬದಲಿಸಿದ್ರು. ಎರಡೇ ದಿನ. ಈಗ ಸರಿಯಾಗಿದೆ."

"ಒಳ್ಳೇದಾಯ್ತು" ಎಂದೆ. "ಮುಂದಿನ ವಾರ ರಜೆ ಇದ್ರೆ ಸುಮ್ನೆ ಬಂದು ಹೋಗು."

"ನೋಡ್ತೀನಮ್ಮ" ಎಂದಳು.

ಅವಳದೊಂದು ವಸ್ತು ಕೆಟ್ಟಿತು, ಬೇರೆಯವರು ಸರಿಮಾಡಿಕೊಟ್ಟರು. ನಾನು ಕೊಟ್ಟ ಮಾತು ನಡೆಯಲಿಲ್ಲ.