ಕಪ್ಪೆ ಮಾತಾಡಬಾರದಿತ್ತು

"ನೀವ್ ಮಾತಾಡೋ ಹಾಗಿಲ್ಲ ಮೇಡಂ. ಕಪ್ಪೆ ದನಿ ಸ್ಪೀಕರಲ್ಲಿ ಬರುತ್ತೆ, ನೀವ್ ಕೈಯಾಡ್ಸಿ ಸಾಕು" ಎಂದು ತಾಕೀತು ಮಾಡಿಯೇ ಕಾರ್ಯಕ್ರಮದ ಆಯೋಜಕ ಹರ್ಷವರ್ಧನ್ ಸುಮಂಗಲಾಳಿಗೆ ಸ್ಪಂಜಿನ ಕಪ್ಪೆ ವೇಷ ತೊಡಿಸಿದ್ದ. ಬಾಗಲಗುಂಟೆಯ ಶಾಲೆಯಲ್ಲಿ ನೀರು ಉಳಿಸುವ ಕಾರ್ಯಕ್ರಮ. ವೇಷದೊಳಗೆ ಅವಳ ಮೈ ಬೇಯುತ್ತಿತ್ತು. ಬೆಳಿಗ್ಗೆ ಸ್ನಾನಕ್ಕೂ ನೀರು ದಕ್ಕಿರಲಿಲ್ಲ. ಅವಳು ಬಾಡಿಗೆಗಿದ್ದ ವಠಾರದ ವಾಲ್ವನ್ನು ತಿರುವಿ ನೀರು ನಿಲ್ಲಿಸಿದ್ದ ಮನೆಯೊಡತಿ ಭಾಗ್ಯಮ್ಮ ಈಗ ಶಾಲು ಹೊದ್ದು, ಮುಖ್ಯ ಅತಿಥಿಯಾಗಿ ವೇದಿಕೆಯಲ್ಲಿ ವಿರಾಜಮಾನಳಾಗಿದ್ದಳು.

"ಯಾರ ಮನೆಯಲ್ಲಿ ನೀರು ಪೋಲಾಗುತ್ತಿದೆ, ಮಕ್ಕಳೇ?" ಎಂದು ಸ್ಪೀಕರಿನ ಕಪ್ಪೆ ಕೇಳಿತು.

ಭಾಗ್ಯಮ್ಮನ ಮೊಮ್ಮಗಳು ಕೃಪಾ ಮೈಕಿನ ಮುಂದೆ ನಿಂತಳು. "ನಮ್ ಬಾಡಿಗೆಯವ್ರು ವೇಸ್ಟ್ ಮಾಡ್ತಾರೆ. ಆ ಕಡೆ ಜನ ನೀರೇ ಕಂಡಿಲ್ವಂತೆ, ಇಲ್ಲಿ ಬಂದು ಸುರೀತಾರಂತೆ. ಅಜ್ಜಿ ಹೇಳ್ತು."

ಮಕ್ಕಳೆಲ್ಲ ಗೊಳ್ಳೆಂದರು. ಭಾಗ್ಯಮ್ಮನೂ ನಕ್ಕಳು.

ಆ ನಗು ಕಂಡು ಸುಮಂಗಲಾಳಿಗೆ ಮೈಯೆಲ್ಲ ಉರಿಯಿತು. "ಯವ್ವಾ, ನಿಮ್ಮಜ್ಜಿ ದಿನಾ ಪೈಪ್ ಹಿಡ್ದು ಓಣಿಗೆಲ್ಲ ನೀರ್ ಹೊಡೀತಾಳಲ್ಲ, ಅದಕ್ಕೇನಂತಾರ? ನಮ್ಮ ಕೊಡ ಒಣಗಿಸಿದಾಕಿ ಯಾರು?"

ಭಾಗ್ಯಮ್ಮನ ಮುಖ ಕಪ್ಪಿಟ್ಟಿತು. "ಈ ದನಿ ನಂಗೊತ್ತು ಕಣ್ರೀ! ನಮ್ ಮೂರನೇ ರೂಮ್ನೋಳು!"

ಗಾಬರಿಗೊಂಡ ಹರ್ಷವರ್ಧನ್, "ಫೋಟೋ, ಫೋಟೋ! ಅತಿಥಿಗಳು ಕಪ್ಪೆ ಕೈ ಕುಲುಕ್ಬೇಕು" ಎಂದು ಕೂಗಿದ. ಭಾಗ್ಯಮ್ಮ ಒಲ್ಲದ ಮನಸ್ಸಿನಿಂದ ಚಾಚಿದ ಬಳೆಗೈಯನ್ನು ಸುಮಂಗಲಾ ಭದ್ರವಾಗಿ ಹಿಡಿದುಕೊಂಡಳು.

"ಬಿಡೇ, ಲೌಡಿ" ಎಂದು ಭಾಗ್ಯಮ್ಮ ಹಲ್ಲು ಕಾಣುವಂತೆ ನಗುತ್ತಲೇ ಪಿಸುಗುಟ್ಟಿದಳು. "ಬೆಳಗಾಗೋದ್ರೊಳ್ಗೆ ರೂಮ್ ಖಾಲಿ ಮಾಡ್ಬೇಕು."

"ಮಾಡ್ತೀನ್ರೀ. ನಾಳಿಂದ ವಾಲ್ವ್ ತೆಗೀತೀನಂತ ಈ ಹುಡುಗ್ರ ಮುಂದ ಹೇಳ್ರಿ. ಆಮ್ಯಾಲ ಕೈ ಬಿಡ್ತೀನಿ."

ಕ್ಯಾಮೆರಾ ಕಾಯುತ್ತಿತ್ತು, ಮಕ್ಕಳೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಭಾಗ್ಯಮ್ಮ ಮೈಕಿಗೆ ಬಾಯಿಟ್ಟು, "ನಾಳೆಯಿಂದ ನಮ್ ವಠಾರಕ್ಕೆ ದಿನಾ ನೀರು ಬಿಡ್ತೀನಿ" ಎಂದು ಉಗುಳಿದಳು. ಶಿಕ್ಷಕರು ಚಪ್ಪಾಳೆ ತಟ್ಟಿದರು.

ಮಾತಿಗೆ ತಪ್ಪುವ ಹೆಂಗಸಲ್ಲ ಭಾಗ್ಯಮ್ಮ. ಮರುದಿನ ಬೆಳಿಗ್ಗೆ ವಠಾರದ ನಲ್ಲಿಯಲ್ಲಿ ನೀರು ಧೋ ಎಂದು ಸುರಿಯಿತು. ಮೂರನೇ ರೂಮಿನ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಗೇಟಿನ ಹೊರಗೆ ಹಾಸಿಗೆ, ಸ್ಟೌವು, ಟ್ರಂಕುಗಳ ನಡುವೆ ಸುಮಂಗಲಾ ಆಟೋ ಕಾಯುತ್ತ ನಿಂತಿದ್ದಳು. ನಾಲ್ಕನೇ ರೂಮಿನ ರುಕ್ಮವ್ವ ಕೊಡ ತುಂಬಿಸಿಕೊಂಡು, ಅವಳತ್ತ ಕಣ್ಣೆತ್ತದೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.