ಬೆಳಕಿಗೆ ಹಿಡಿದ ಕೈ

ನಾನು ಒಂದು ಎಕ್ಸ್‌ರೇ ಹಾಳೆ. ಕತ್ತಲ ಕೋಣೆಯಲ್ಲಿ, ಔಷಧಿ ನೀರಿನ ತೊಟ್ಟಿಯಲ್ಲಿ ಹುಟ್ಟಿದೆ. ಮೇಲೆತ್ತಿದಾಗ ನನ್ನ ಕಪ್ಪು ಮೈಮೇಲೆ ಒಂದು ಬಲಗೈ ಮೂಡಿತ್ತು. ಬೆಳ್ಳನೆಯ ಎಲುಬು, ಮಣಿಕಟ್ಟಿನಲ್ಲಿ ಬಿರುಕು, ನಡುಬೆರಳಿನಲ್ಲಿ ಬಿಚ್ಚಲು ಬಾರದ ಮೂರು ಸುತ್ತಿನ ಉಂಗುರ.

ಕೈ ಕಾಶವ್ವನದು. ಧಾರವಾಡದ ಒಂದು ಖಾನಾವಳಿಯಲ್ಲಿ ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ತಂಗಿಯ ಊರಿಗೆ ಹೋದಾಗ ಬಿದ್ದು ಕೈ ಮುರಿದುಕೊಂಡಳು. ಮಾಲೀಕ ಗುರಪ್ಪನಿಗೆ ಜ್ವರವೆಂದು ಹೇಳಿ ಕಳಿಸಿದಳು. ಮುರಿದ ಕೈಗೆ ರೊಟ್ಟಿ ಕೆಲಸ ಕೊಡುವವರಿಲ್ಲ. ಎಲುಬು ವಾರೆಯಾಗಿಯೇ ಕೂಡಿತು; ಅವಳು ಮತ್ತೆ ರೊಟ್ಟಿ ಬಡಿಯಲು ಹೋದಳು. ಡಾಕ್ಟರು ಕೇಳಿಯಾರು ಎಂದು ನನ್ನನ್ನು ಹಾಸಿಗೆಯ ಕೆಳಗಿಟ್ಟಳು. ಯಾರೂ ಕೇಳಲಿಲ್ಲ. ಒಂದು ಗ್ರಹಣದ ದಿನ ಮಾತ್ರ ಅವಳೊಬ್ಬಳೇ ಹಿತ್ತಲಿಗೆ ಒಯ್ದು, ನನ್ನ ಮೂಲಕ ಸೂರ್ಯನನ್ನು ನೋಡಿದಳು. ಅವನು ಅವಳದೇ ಅಂಗೈಯಲ್ಲಿ ಕುಳಿತಿದ್ದ.

ತಂಗಿಯ ಮಗಳು ಗಿರಿಜಾ ಅವಳ ಮನೆಯಲ್ಲಿದ್ದುಕೊಂಡು ಚಿತ್ರಕಲೆ ಓದುತ್ತಿದ್ದಳು. ಕೊನೆಯ ಪರೀಕ್ಷೆಗೆ ಬೆಳಕಿನಲ್ಲೇ ಒಂದು ಕಲಾಕೃತಿ ಮಾಡುವ ಹಟ ಅವಳಿಗೆ. ಬಲ್ಬಿಗೆ ಬಟರ್ ಪೇಪರ್ ಕಟ್ಟಿದಳು, ಕಂದಿತು. ಹಾಲಿನ ಪಾಕೀಟು ಕಟ್ಟಿದಳು, ಮುದುಡಿತು. ಬಲ್ಬುಗಳನ್ನು ಒಂದೇ ವೈರಿನಲ್ಲಿ ಒಂದರ ಬೆನ್ನಿಗೆ ಒಂದು ಜೋಡಿಸಿದಳು; ಎಲ್ಲವೂ ಮಂಕಾಗಿ ಉರಿದವು. ಪ್ರತಿಯೊಂದಕ್ಕೂ ಬೇರೆ ವೈರು ಎಳೆದಾಗ ಎಲ್ಲೋ ತಂತಿಗೆ ತಂತಿ ತಾಗಿ ಫ್ಯೂಸು ಹೋಯಿತು. ಕೊನೆಗೆ ಸಣ್ಣ ಎಲ್‌ಇಡಿ ತಂದಳು. ಹಳೆಯ ಎಕ್ಸ್‌ರೇ ಹಾಳೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತಿಕ್ಕಿ, ಚಿತ್ರ ತೊಳೆದು, ಬರೀ ನೀಲಿ ಹಾಳೆ ಮಾಡತೊಡಗಿದಳು. ಯಾರು ಯಾರದೋ ಎದೆ, ಮೊಣಕಾಲು ಬಚ್ಚಲಿಗೆ ಹರಿದುಹೋದವು. ಒಂದು ಹಾಳೆ ಕಡಿಮೆ ಬಿದ್ದಾಗ ನನ್ನನ್ನೂ ಹೊರಗೆಳೆದಳು.

ಬಕೆಟ್ಟಿನ ಪಕ್ಕ ಒರಗಿಸಿದಾಗ ನನ್ನ ಹಿಂದೆ ಒಂದು ಎಲ್‌ಇಡಿ ಉರಿಯುತ್ತಿತ್ತು. ಎದುರಿನ ಗೋಡೆಯ ತುಂಬ ಬೆಳಕಿನ ಕೈ ಅರಳಿತು. ಗಿರಿಜಾ ಬ್ರಶ್ಶು ಕೆಳಗಿಟ್ಟಳು.

"ದೊಡ್ಡವ್ವಾ, ಇದನ್ನ ತೊಳ್ಯಂಗಿಲ್ಲ. ಹಿಂಗ ತೂಗಹಾಕ್ತೀನಿ."

"ಉಂಗುರ ಕಾಣತೈತಲ್ಲ, ಹುಚ್ಚಿ! ಗುರಪ್ಪ ನೋಡಿದ್ರ ನನ್ನ ಕೆಲಸ ಹೋತು."

"ಆತ ಅಲ್ಲಿಗೆ ಯಾಕ ಬರ್ತಾನ? ಆತಗ ನೋಟಿನ ಮ್ಯಾಲಿಂದ ಬಿಟ್ರ ಬ್ಯಾರೆ ಚಿತ್ರ ಗೊತ್ತೈತೇನು?"

ಕಾಶವ್ವ ನಕ್ಕುಬಿಟ್ಟಳು. ಅದೇ ಒಪ್ಪಿಗೆಯಾಯಿತು.

ಪರೀಕ್ಷೆಯ ದಿನ, ಕತ್ತಲು ಮಾಡಿದ ಕೋಣೆಯಲ್ಲಿ ನಾನು ತೇಲುತ್ತಿದ್ದೆ. ಸುತ್ತ ನೀಲಿ ಹಾಳೆಗಳು ಅಲುಗುತ್ತಿದ್ದವು. ಗೋಡೆಯ ಮೇಲಿನ ಕೈ ನೀರೊಳಗಿನ ಗಿಡದಂತೆ ತೂಗುತ್ತಿತ್ತು. ಪರೀಕ್ಷಕರು ಅಂಕಪಟ್ಟಿ ಮಡಚಿ ಹಿಡಿದು ಗೋಡೆಯನ್ನೇ ನೋಡುತ್ತಿದ್ದರು. ಆಗ ಬಾಗಿಲು ತೆರೆಯಿತು. ಅವರ ಊಟವನ್ನು ಗುರಪ್ಪನ ಖಾನಾವಳಿಗೇ ಹೇಳಿದ್ದರು. ಮುಂದೆ ಗುರಪ್ಪ, ಹಿಂದೆ ರೊಟ್ಟಿ ಬುಟ್ಟಿ ಹೊತ್ತ ಕಾಶವ್ವ.

"ಅಬಾಬಾ! ಯಾರ ಕೈಯಪಾ ಇದು? ಮುರದೈತಿ, ಪಾಪ," ಎನ್ನುತ್ತ ಗುರಪ್ಪ ಗೋಡೆಯ ಹತ್ತಿರ ಹೋದ. "ಏ ಕಾಶವ್ವಾ, ಈ ಉಂಗುರ ನೋಡಿಲ್ಲೆ, ನಿಂದ ಇದ್ದಂಗ..."

ಗಿರಿಜಾ ಕೈಗೆ ಸಿಕ್ಕ ವೈರು ಹಿಡಿದು ಕಿತ್ತಳು. ಎಲ್ಲ ಕತ್ತಲಾಯಿತು.

"ವೈರಿಂಗ್ ಹೋತ್ರಿ ಸರ್."

"ಇಂಥಾ ಉಂಗುರ ಸಂತ್ಯಾಗ ಬುಟ್ಟಿಗಟ್ಲೆ ಸಿಗತಾವ ತಗೋರಿ," ಎಂದಿತು ಕತ್ತಲಲ್ಲಿ ಕಾಶವ್ವನ ದನಿ. "ರೊಟ್ಟಿ ಆರ್ತಾವ, ನಡೀರಿ."

ಪರೀಕ್ಷಕರು ಮತ್ತೆ ಹಚ್ಚಲು ಹೇಳಿದರು. ಗಿರಿಜಾ ತಂತಿ ಹುಡುಕುವವಳಂತೆ ಬಗ್ಗಿ, ನನ್ನನ್ನು ಕಳಚಿ ಚೀಲಕ್ಕೆ ತುರುಕಿದಳು. ಬರೀ ನೀಲಿ ಹಾಳೆಗಳು ಬೆಳಗಿದವು. ಅವುಗಳಲ್ಲಿ ನೋಡಲು ಏನೂ ಇರಲಿಲ್ಲ. ಅವಳು ಹೇಗೋ ಪಾಸಾದಳು, ಅಷ್ಟೆ. ಕಾಶವ್ವ ಅಂದು ಸಂಜೆಯೂ ರೊಟ್ಟಿ ಬಡಿದಳು.

ಈಗ ನಾನು ಟ್ರಂಕಿನ ತಳದಲ್ಲಿದ್ದೇನೆ. ಮೂಲೆ ಮುರಿದಿದೆ, ಅಂಚು ಹಳದಿಯಾಗಿದೆ. ಆ ವೈರು ಕಿತ್ತದ್ದು ಸರಿಯೇ ಎಂದು ನನ್ನನ್ನು ಕೇಳಿದರೆ ಸರಿ ಎನ್ನುತ್ತೇನೆ. ಆದರೂ ಆ ಗೋಡೆ ಕನಸಿಗೆ ಬರುತ್ತದೆ. ಬೆಳಕಿನ ಕೈ ಬೆರಳು ಬಿಡಿಸಿಕೊಂಡು ಸುಮ್ಮನೆ ತೇಲುತ್ತಿರುತ್ತದೆ. ಅದರ ಮುಂದೆ ಹಿಟ್ಟೂ ಇಲ್ಲ, ಹಂಚೂ ಇಲ್ಲ.