ಬೀಳದವರ ಪಟ್ಟಿ

ಎರಡನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

"ಕಂಬಿ ಅಡ್ಡ ಬರ್ತಿದೆ," ಎಂದ ಮುಂದಿನ ತುದಿ ಹಿಡಿದಿದ್ದ ಅಳಿಯ. "ನಾಕು ನಟ್ಟು ಬಿಚ್ಚಿದ್ರೆ ಆಯ್ತು."

ಮೆಟ್ಟಿಲಿನ ಎರಡೂ ಬದಿಗೆ ಆ ಕಂಬಿ ಹಾಕಿದವನು ಸ್ಟ್ರೆಚರಿನ ಮೇಲೇ ಮಲಗಿದ್ದ. ಗಿರಣಿಯಲ್ಲಿ ಮೂವತ್ತೆಂಟು ವರ್ಷ ಪೈಪು ಜೋಡಿಸಿ ನಿವೃತ್ತನಾದ ಫಿಟ್ಟರ್. ಎಂಬತ್ತೊಂದಕ್ಕೆ, ನಿದ್ದೆಯಲ್ಲಿ, ಎಲ್ಲಿಂದಲೂ ಬೀಳದೆ ಸತ್ತಿದ್ದ.

ಮಗಳು ಮನೆಗೆ ಓಡಿ ಸ್ಪ್ಯಾನರ್ ತಂದಳು. ಅಷ್ಟರಲ್ಲಿ ಎರಡನೇ ಮಹಡಿಯ ಟೀಚರಮ್ಮ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ನಿಂತಾಗಿತ್ತು.

"ಮುಟ್ಟಿದ್ರೆ ನೋಡು."

"ಅಪ್ಪನ್ನ ಇಳಿಸ್ಬೇಕಲ್ಲ ಟೀಚರಮ್ಮ. ಸಂಜೆ ಬಂದು ಮತ್ತೆ ಹಾಕ್ತೀನಿ."

"ಅವನೇನೋ ಇಳಿದು ಹೋಗ್ತಾನೆ ಕಣೆ. ನಾವು ವಾಪಸ್ ಹತ್ತಬೇಕಲ್ಲ."

"ಬಿಚ್ಚಿದ್ದನ್ನ ಮತ್ತೆ ಹಾಕಿದ್ದು ಈ ಕಟ್ಟಡದಲ್ಲಿ ಯಾವತ್ತು ನಡೆದಿದೆ?" ಎಂದು ಮೇಲಿನಿಂದ ಟೇಲರ್ ದನಿಗೂಡಿಸಿದ. "ನಮ್ಮನೆ ನಲ್ಲಿ ಬಂದು ನೋಡಿ."

ತಿರುವಿನ ಕೆಳಗೆ, ಕಂಕುಳಲ್ಲಿ ಫೈಲು ಇಟ್ಟುಕೊಂಡು ಗಿರಣಿಯ ಕ್ವಾರ್ಟರ್ಸ್ ಇಂಜಿನಿಯರ್ ನಿಂತಿದ್ದರು. ಬಾಕಿ ಫೈಲು ಆಫೀಸಿಗೆ ಒಪ್ಪಿಸಲು ಹೊರಟವರು, ಹಾಗೆಯೇ ಕೊನೆಯ ದರ್ಶನಕ್ಕೆ ಬಂದಿದ್ದರು. ನಾಳೆ ಬೇರೆ ಊರಿಗೆ ವರ್ಗ. ಆ ಫೈಲಿನೊಳಗೆ ಏನಿದೆಯೆಂದು ಮಗಳಿಗೆ ಗೊತ್ತಿತ್ತು. ಉಳಿದ ಮೂರು ಬ್ಲಾಕುಗಳಿಗೂ ಕಂಬಿ ಹಾಕಿಸಿ ಎಂದು ಅಪ್ಪ ಕೊಟ್ಟ ಅರ್ಜಿ. ನಾಳೆಯ ನಂತರ ಅದು ಯಾವ ಕಪಾಟಿನ ತಳ ಸೇರುವುದೋ. ಮೂರನೇ ಬ್ಲಾಕಿನಲ್ಲಿ ಚಿಕ್ಕಮ್ಮ ಇವತ್ತಿಗೂ ನಲ್ಲಿ ಹಿಡಿದುಕೊಂಡೇ ಸ್ನಾನ ಮಾಡುತ್ತಾಳೆ.

*

ಹೆಂಡತಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಗಿರಣಿಯೇ ಆಸ್ಪತ್ರೆಯ ಖರ್ಚು ಕೊಟ್ಟಿತ್ತು. ಫಿಟ್ಟರ್ ಬಿಲ್ಲನ್ನು ಎರಡು ಸಲ ಓದಿದ. "ಒಂದು ಸೊಂಟದ ದುಡ್ಡಲ್ಲಿ ಮೂವತ್ತು ಬಚ್ಚಲಿಗೆ ಕಂಬಿ ಹಾಕ್ಬೋದಿತ್ತಲ್ಲೇ," ಎಂದ. ಮಂಚದ ಮೇಲಿದ್ದವಳು, "ಮೊದಲು ಒಂದು ಬಚ್ಚಲಿಗೆ ಹಾಕಬೇಕಿತ್ತು," ಎಂದಳು. ಎರಡು ವರ್ಷ ಆ ಮಂಚದಲ್ಲೇ ಇದ್ದು ಹೋದಳು.

ಆಮೇಲೆ ಅವನು ಹಳೆಯ ಪೈಪು ತಂದು ಬ್ಲಾಕಿನ ಎಲ್ಲ ಬಚ್ಚಲಿಗೂ ಮೆಟ್ಟಿಲಿಗೂ ಕಂಬಿ ಹಾಕಿದ. ಆರಡಿ ಆಳು, ತನ್ನ ಕೈಗೆ ಸಿಗುವ ಎತ್ತರಕ್ಕೇ ಹಾಕಿದ.

"ಸ್ನಾನ ಮಾಡೋಕೆ ಹೋದ್ರೆ ಬಸ್ಸಲ್ಲಿ ನೇತಾಡಿದ ಹಾಗಿದೆ ಕಣಪ್ಪ," ಎಂದರು ಟೀಚರಮ್ಮ.

ಎಲ್ಲವನ್ನೂ ಕಿತ್ತ. ದಾರ ಹಿಡಿದು ಮನೆಮನೆಗೆ ಹೋಗಿ ಒಬ್ಬೊಬ್ಬರ ಮಣಿಕಟ್ಟಿನ ಎತ್ತರ ಅಳೆದ. "ನಾನೂ ಇಷ್ಟು ನಾಜೂಕಾಗಿ ಅಳತೆ ತಗೊಂಡಿಲ್ಲ," ಎಂದು ಟೇಲರ್ ಒಪ್ಪಿಕೊಂಡ.

ಉಳಿದ ಬ್ಲಾಕುಗಳ ಅರ್ಜಿಗೆ ಇಂಜಿನಿಯರ್ ಮಾತ್ರ ಒಪ್ಪಲಿಲ್ಲ. "ಬಿದ್ದವರ ಬಿಲ್ಲು ನನ್ನ ಹತ್ರ ಇದೆ. ನಿಮ್ಮ ಕಂಬಿಯಿಂದ ಉಳಿದಿದ್ದೆಷ್ಟು ಅನ್ನೋದಕ್ಕೆ ದಾಖಲೆ ಎಲ್ಲಿ? ಬೀಳದವರ ಪಟ್ಟಿ ತನ್ನಿ."

"ಬೀಳದೆ ಇದ್ದೋರು ಬಂದು ಹೇಳಲ್ಲ ಸಾರ್. ಅವರು ತರಕಾರಿ ತರೋಕೆ ಹೋಗಿರ್ತಾರೆ."

*

"ಎತ್ತಿ," ಎಂದಳು ಮಗಳು, ಸ್ಪ್ಯಾನರನ್ನು ಮೆಟ್ಟಿಲ ಮೂಲೆಗೆ ಸರಿಸಿ. "ಕಂಬಿಗಿಂತ ಮೇಲೆ. ನಮ್ಮ ತಲೆ ಮೇಲಕ್ಕೆ. ಸಾರ್, ನೀವೂ ಕೈ ಹಾಕಿ, ಜನ ಸಾಲ್ತಿಲ್ಲ."

ಇಂಜಿನಿಯರ್ ಫೈಲನ್ನು ಎಲ್ಲಿಡುವುದೆಂದು ಅತ್ತಿತ್ತ ನೋಡಿದರು. ಚಾಚಿದ್ದ ಕೈ ಟೀಚರಮ್ಮನದೊಂದೇ. ಅವರು ಅದನ್ನು ಇಸಿದುಕೊಂಡು, ಕನ್ನಡಕ ಏರಿಸಿ ತೆರೆದೇಬಿಟ್ಟರು.

"ಇದೇನ್ರೀ, 'ಬೀಳದವರ ವಿವರ' ಅಂತ ಬರೆದು ಪುಟ ಖಾಲಿ ಬಿಟ್ಟಿದ್ದೀರಿ?"

"ಮಾಹಿತಿ ಬಂದಿರಲಿಲ್ಲ ಅಮ್ಮ," ಎಂದರು ಇಂಜಿನಿಯರ್, ಎರಡೂ ಕೈ ಸ್ಟ್ರೆಚರಿನಡಿಯಲ್ಲಿ.

"ಈಗ ಬಂದಿದೆ. ತಲೆ ಎತ್ತಿ ನೋಡಿ."

ನಾಲ್ಕು ಮಹಡಿಯ ಮೆಟ್ಟಿಲಿನುದ್ದಕ್ಕೂ ಮುದುಕರು, ಮುದುಕಿಯರು ಕಂಬಿಗೆ ಆತುಕೊಂಡು ನಿಂತಿದ್ದರು. ಟೀಚರಮ್ಮ ಪೆನ್ನು ತೆಗೆದು, ತರಗತಿಯ ಹಳೆಯ ದನಿ ಎತ್ತಿದರು.

"ಟೇಲರ್."

"ಇದ್ದೀನಿ. ಹೋದ ತಿಂಗಳು. ಸೋಪು. ಎಡಗೈಗೆ ಕಂಬಿ ಸಿಕ್ತು."

"ನನಗೆ ಹೇಳ್ಲೇ ಇಲ್ವಲ್ಲ," ಎಂದಳು ಅವನ ಹೆಂಡತಿ.

"ಹೇಳಿದ್ರೆ ಬಚ್ಚಲಿಗೂ ಕಾವಲು ಬರ್ತಿದ್ದೆ."

"ನನ್ನದು ಎರಡು ಸಲ, ಬರ್ಕೊಳ್ಳಿ." "ನಾನು ಮೂರು." "ಮೂರನೇದು ಬಿದ್ದೇ ಬಿದ್ದಿದ್ಯಲ್ಲೋ." "ಬೀಳಲಿಲ್ಲ, ಕೂತ್ಕೊಂಡೆ."

"ಕೂತಿದ್ದು ಲೆಕ್ಕಕ್ಕಿಲ್ಲ," ಎಂದು ಟೀಚರಮ್ಮ ತೀರ್ಪು ಕೊಟ್ಟರು.

ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು. ಸಾವಿಗೆ ಬಂದಿದ್ದೇವೆಂಬುದನ್ನೇ ಮರೆತ ಹಾಗಿತ್ತು. ಫಿಟ್ಟರ್ ಅವರೆಲ್ಲರ ನಡುವೆ, ತಲೆಗಳ ಮೇಲೆ ತೇಲುತ್ತ ತಿರುವು ದಾಟಿದ. ಮಗಳು ಮೂಗು ಸೀಟಿಕೊಂಡು ನಕ್ಕಳು.

ಕೊನೆಯ ಸುತ್ತು. ಹಿಮ್ಮುಖವಾಗಿ ಇಳಿಯುತ್ತಿದ್ದ ಇಂಜಿನಿಯರರ ಬೂಟಿಗೆ ಒಂದು ಮೆಟ್ಟಿಲು ಸಿಗಲಿಲ್ಲ.

ಸ್ಟ್ರೆಚರ್ ಓಲಾಡಿತು. ಅಳಿಯ ಹೆಗಲು ಕೊಟ್ಟ. ಇಂಜಿನಿಯರರ ಎಡಗೈ ತಾನಾಗಿಯೇ ಹೋಗಿ ಕಂಬಿಯನ್ನು ಹಿಡಿದಿತ್ತು.

"ನಲವತ್ತೆರಡನೇದು," ಎಂದು ಮೇಲಿನಿಂದ ಟೀಚರಮ್ಮನ ದನಿ ಬಂತು. "ವಯಸ್ಸು ಎಷ್ಟು ಸಾರ್?"

"ಐವತ್ತಾರು," ಎಂದರು ಅವರು, ಉಸಿರು ಸಿಕ್ಕಿದ ಮೇಲೆ.

ಶವವನ್ನು ವ್ಯಾನಿಗೇರಿಸಿ ಬಾಗಿಲು ಹಾಕುವಷ್ಟರಲ್ಲಿ ಟೀಚರಮ್ಮ ಒಂದೊಂದೇ ಮೆಟ್ಟಿಲಿಳಿದು ಬಂದು ಫೈಲು ಒಪ್ಪಿಸಿದರು. ಇಂಜಿನಿಯರ್ ಅದನ್ನು ವ್ಯಾನಿನ ಬಾನೆಟ್ಟಿನ ಮೇಲೆ ಹರಡಿ, ಒಂದರಿಂದ ನಲವತ್ತೆರಡರವರೆಗೆ ಬೆರಳಿಟ್ಟು ಓದಿದರು. ಕೊನೆಯ ಸಾಲಿನಲ್ಲಿ ಐವತ್ತಾರನ್ನು ಹೊಡೆದು ಐವತ್ತೆಂಟು ಎಂದು ತಿದ್ದಿದರು. ಹಾಳೆ ತಿರುಗಿಸಿ, ನಾಲ್ಕು ವರ್ಷದಿಂದ ಖಾಲಿ ಬಿದ್ದಿದ್ದ ಮಂಜೂರಾತಿಯ ಜಾಗದಲ್ಲಿ ಸಹಿ ಹಾಕಿದರು. ಬಾನೆಟ್ಟಿನ ಇಳಿಜಾರಿನಲ್ಲಿ ಹಾಳೆ ಜಾರದಂತೆ ಎಡಗೈಯಿಂದ ಹಿಡಿದಿದ್ದರು. ಅಕ್ಷರಗಳು ಒಂದರ ಕೆಳಗೊಂದು, ಮೆಟ್ಟಿಲಿಳಿದ ಹಾಗೆ, ನಿಧಾನವಾಗಿ ಪುಟದ ಅಂಚಿಗೆ ಹೋಗಿ ನಿಂತವು.